ಜಡ್ಡಿಗೆ ಹೆಸರಿಡೋರು ಯಾರು? ಆರೋಗ್ಯ ನೀತಿಯ ಭಾಷೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವಳು. ಆರೋಗ್ಯ ತರಬೇತಿಗೆ ಬೇಕಾದ ಕೈಪಿಡಿ, ಪೋಸ್ಟರ್, ಫ್ಲಿಪ್ ಚಾರ್ಟ್‌ಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಬೀದರ್, ಯಾದಗಿರಿ ಕಡೆ ಆಶಾ ಕಾರ್ಯಕರ್ತೆಯರ ತರಬೇತಿಗೂ ಹೋಗುತ್ತಿರುತ್ತೇನೆ. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಮೊದಮೊದಲ ಪ್ರಶ್ನೆಗಳು

ಮಾತಿನಾಗ ಏನದರಿ ಮೇಡಂ? ಗುಳಿಗಿ ಸರಿಯಾಗಿ ಕೊಟ್ರ ಸಾಕಲ್ಲ?

ಗುಳಿಗೆ ಯಾರಿಗೆ, ಎಷ್ಟು, ಯಾರ ಖರ್ಚಿನಲ್ಲಿ ಅನ್ನುವುದು ಗುಳಿಗೆ ಬರುವ ಮುಂಚೆಯೇ ಮಾತಿನಲ್ಲಿ ತೀರ್ಮಾನ ಆಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಲಸಿಕೆಯ ಕೈಪಿಡಿಯೊಂದರಲ್ಲಿ ನಾನು 'ತಲುಪಲು ಕಷ್ಟವಾದ ಜನ' ಎಂದು ಬರೆದಿದ್ದೆ. ಮೂಲದಲ್ಲಿ ಇದ್ದದ್ದೂ ಅದೇ. ಎಲ್ಲ ದೇಶಗಳ ಆರೋಗ್ಯ ದಾಖಲೆಗಳಲ್ಲಿ ಓಡಾಡುವ ಪದ ಅದು. ಯಾದಗಿರಿ ಹತ್ತಿರದ ಒಂದು ತರಬೇತಿಯಲ್ಲಿ ತಾಂಡಾದ ಆಶಾ ಒಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ನಾವ್ ಯಾರಿಗ್ರಿ ಕಷ್ಟ? ನಮ್ ತಾಂಡಾದಾಗ ನಾವ್ ಇದ್ದೇ ಇರ್ತೀವಿ. ದವಾಖಾನಿ ಮುಟ್ಟೋದು ನಮಗ ಕಷ್ಟ ಆಗ್ಯದ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದ ಸಾಲಿನಲ್ಲಿ ತೊಂದರೆ ಇದ್ದದ್ದು ತಾಂಡಾದ ಜನರಲ್ಲಿ. ಅವರು ಹೇಳಿದ ಸಾಲಿನಲ್ಲಿ ತೊಂದರೆ ಇರುವುದು ರಸ್ತೆಯಲ್ಲಿ, ಬಸ್ಸಿನ ಟೈಮಿನಲ್ಲಿ, ಖಾಲಿ ಬಿದ್ದ ನರ್ಸ್ ಹುದ್ದೆಯಲ್ಲಿ. ನನ್ನ ಸಾಲಿಗೆ ಪರಿಹಾರ ಒಂದು ಜಾಗೃತಿ ಕಾರ್ಯಕ್ರಮ. ಅವರ ಸಾಲಿಗೆ ಪರಿಹಾರ ಒಬ್ಬ ನರ್ಸ್ ಮತ್ತು ಒಂದು ಬಸ್ಸು. ಮುಂದಿನ ಅಚ್ಚಿನಲ್ಲಿ 'ದವಾಖಾನೆ ದೂರ ಇರುವ ಊರುಗಳು' ಎಂದು ತಿದ್ದಿದೆ.

ನಮ್ಮ ಪಿಎಚ್‌ಸಿಗೂ ಜಿನೀವಾಕ್ಕೂ ಏನು ಸಂಬಂಧ?

ಪದಗಳು ಬರುವ ದಾರಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಚೇರಿ ಇರುವ ಜಿನೀವಾದಲ್ಲಿ ಒಂದು ಮಾರ್ಗಸೂಚಿ ಬರುತ್ತದೆ. ಅದು ದೆಹಲಿಯಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆಗುತ್ತದೆ. ಬೆಂಗಳೂರಿನಲ್ಲಿ ಸುತ್ತೋಲೆ ಆಗುತ್ತದೆ. ಜಿಲ್ಲೆಯಲ್ಲಿ ಟಾರ್ಗೆಟ್ ಆಗುತ್ತದೆ. ಕೊನೆಗೆ ಆಶಾ ಡೈರಿಯಲ್ಲಿ ಒಂದು ಕಾಲಂ ಆಗುತ್ತದೆ. ಕಾಲಂ ಇದ್ದದ್ದು ಲೆಕ್ಕಕ್ಕೆ ಬರುತ್ತದೆ. ಕಾಲಂ ಇಲ್ಲದ್ದು ಊರೆಲ್ಲ ಇದ್ದರೂ ಲೆಕ್ಕಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ಆರು ಅಧಿಕೃತ ಭಾಷೆಗಳು: ಅರೇಬಿಕ್, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ನಮ್ಮ ದೇಶದ ಭಾಷೆ ಒಂದೂ ಇಲ್ಲ. ಹಾಗಾಗಿ ನಮ್ಮ ಕಾಯಿಲೆಯ ಮಾತು ಯಾವಾಗಲೂ ಬೇರೆ ಕಡೆ ಹುಟ್ಟಿ ನಮ್ಮ ಕಡೆ ಬರುತ್ತದೆ. ಇಲ್ಲಿಂದ ಅಲ್ಲಿಗೆ ಹೋಗುವ ಪದ ತುಂಬ ಕಡಿಮೆ. ಹೋದ ಒಂದು ಪದ 'ಕ್ಯಾಸನೂರು'. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಆ ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. ಅಲ್ಲಿನ ಜನ ಅದನ್ನು ಮಂಗನ ಕಾಯಿಲೆ ಅಂತಾರೆ. ಊರಿನ ಹೆಸರು ಇಟ್ಟರೆ ಊರಿಗೆ ಕಳಂಕ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕಾಯಿಲೆಗಳಿಗೆ ಹಾಗೆ ಹೆಸರಿಡಬೇಡಿ ಅಂತ ಹೇಳಿತು. 2021ರ ಮೇನಲ್ಲಿ ಕೊರೋನಾ ತಳಿಗಳಿಗೆ ಡೆಲ್ಟಾ ಮುಂತಾದ ಗ್ರೀಕ್ ಅಕ್ಷರ ಕೊಟ್ಟದ್ದು ಕೂಡ ಇದೇ ಕಾರಣಕ್ಕೆ. ಅದಕ್ಕೂ ಮುಂಚೆ ಪತ್ರಿಕೆಗಳು ಡೆಲ್ಟಾವನ್ನು 'ಭಾರತದ ತಳಿ' ಅಂತ ಕರೆಯುತ್ತಿದ್ದವು, ನೆನಪಿರಬಹುದು.

'ಆರೋಗ್ಯ' ಅಂದ್ರ ನಮ್ಮ ಕಡಿ ಮಾತಿನಾಗ ಏನಂತೀವಿ?

ಆರಾಮ. "ಆರಾಮ ಅದೀರಿ?" ಅಂತ ಕೇಳುತ್ತೇವೆ. ಜ್ವರ ಬಂದರೆ "ಆರಾಮ ಇಲ್ಲ" ಅಂತೀವಿ. ನನಗೆ ಈ ಪದ ಬಹಳ ಇಷ್ಟ. ಮೈ ಸರಿ ಇರುವುದು, ಮನಸ್ಸು ಹಗುರ ಇರುವುದು, ಒಂದು ಗಳಿಗೆ ಕೂತುಕೊಳ್ಳಲು ಬಿಡುವು ಇರುವುದು, ಮೂರೂ ಅದರಲ್ಲಿ ಇವೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ಹತ್ತಿರ ಹತ್ತಿರ ಇದನ್ನೇ ಹೇಳುತ್ತದೆ. ಆರೋಗ್ಯ ಅಂದರೆ ರೋಗ ಇಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜ ಮೂರೂ ಚೆನ್ನಾಗಿರುವುದು.

ಆದರೆ ರಿಜಿಸ್ಟರಿಗೆ ಬರುವ ಹೊತ್ತಿಗೆ ಅದು ಹಿಮೋಗ್ಲೋಬಿನ್, ತೂಕ, ಬಿಪಿ ಆಗಿರುತ್ತದೆ. ಇವು ಬೇಕು, ಇಲ್ಲದೆ ಚಿಕಿತ್ಸೆ ಮಾಡೋಕಾಗಲ್ಲ. ಬಿಡುವಿಗೆ ಮಾತ್ರ ಕಾಲಂ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ನೀರು ಹೊತ್ತು, ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಣ್ಣುಮಗಳ ಕಾರ್ಡಿನಲ್ಲಿ 'ರಕ್ತಹೀನತೆ' ಅಂತ ಬರೆದಿರುತ್ತದೆ. ಆಕೆ ಬಾಯಲ್ಲಿ ಅದು "ಮೈಯಾಗ ಶಕ್ತಿ ಇಲ್ರಿ, ಕೂಡಲಿಕ್ಕಿ ಟೈಮ್ ಇಲ್ರಿ". ಕಬ್ಬಿಣದ ಗುಳಿಗೆ ಮೊದಲ ಅರ್ಧಕ್ಕೆ ಮಾತ್ರ ಉತ್ತರ.

ಹಿಂಗೆಲ್ಲ ಮಾತಾಡಿದ್ರೆ ಜನ ಲಸಿಕೆನೇ ಬಿಟ್ಟು ಬಿಡಲ್ವಾ?

ಈ ಭಯ ನನಗೂ ಇದೆ, ಅದಕ್ಕೇ ನೇರವಾಗಿ ಹೇಳುತ್ತೇನೆ. ಲಸಿಕೆ ಕೆಲಸ ಮಾಡುತ್ತದೆ. ಸಿಡುಬು ಲೋಕದಿಂದಲೇ ಹೋಯಿತು, 1980ರಲ್ಲಿ ಅಧಿಕೃತವಾಗಿ ಸಾರಿದರು. ನಮ್ಮ ದೇಶದಲ್ಲಿ ಕಾಡು ಪೋಲಿಯೊ ಕೊನೆಯ ಬಾರಿ ಕಂಡದ್ದು 2011ರ ಜನವರಿಯಲ್ಲಿ. ಮಕ್ಕಳಿಗೆ ಲಸಿಕೆ ಹಾಕಿಸಿ.

ನನ್ನ ತಕರಾರು 'ಲಸಿಕೆ ಹಿಂಜರಿಕೆ' ಅನ್ನುವ ಪದದ ಮೇಲೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗತ್ತಿನ ಆರೋಗ್ಯಕ್ಕೆ ಇರುವ ಹತ್ತು ಅಪಾಯಗಳಲ್ಲಿ ಒಂದು ಎಂದು ಪಟ್ಟಿ ಮಾಡಿತು. ಸುಳ್ಳು ಸುದ್ದಿ ನಂಬಿ ಬೇಡ ಅನ್ನುವವರು ಇದ್ದಾರೆ, ನಿಜ. ಆದರೆ ಮಗುವಿಗೆ ಲಸಿಕೆ ಆಗಿಲ್ಲ ಅಂದ ಕೂಡಲೇ 'ತಾಯಿಗೆ ಹಿಂಜರಿಕೆ' ಅಂತ ಬರೆದರೆ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಲಸಿಕೆ ದಿನ ಆಕೆಗೆ ಕೂಲಿ ತಪ್ಪುತ್ತಿತ್ತಾ? ಸೂಜಿ ಹಾಕಿದ ರಾತ್ರಿ ಜ್ವರ ಬರಬಹುದು, ಹೀಗೆ ಮಾಡಿ ಅಂತ ಯಾರಾದರೂ ಹೇಳಿದ್ದರಾ?

ಯಾರೋ ಕೂತು ಸಂಚು ಮಾಡಿ ಇಂಥ ಪದ ತಂದರು ಅಂತ ನಾನು ಹೇಳುತ್ತಿಲ್ಲ. ಪದ ಮಾಡಿದವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ. ಅವರು ಕೂತ ಜಾಗದಿಂದ ಕಂಡದ್ದನ್ನು ಹೆಸರಿಸಿದರು. ನಮ್ಮ ಜಾಗದಿಂದ ಕಾಣುವುದನ್ನು ಯಾರಾದರೂ ಹೇಳಬೇಕಲ್ವಾ?

## ನಮ್ಮ ರಿಜಿಸ್ಟರಿನ ಪದಗಳು

ಕೆಲಸ ಹೇಳುವಾಗ 'ಕಾರ್ಯಕರ್ತೆ', ಪಗಾರ ಕೇಳಿದ್ರ 'ಸ್ವಯಂಸೇವಕಿ'. ನಾವ್ ಯಾರ್ರಿ ಹಂಗಾದ್ರ?

ತರಬೇತಿಗಳಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಕೇಳುವಾಗ ದನಿ ಸ್ವಲ್ಪ ಏರಿರುತ್ತದೆ, ಏರಬೇಕಾದ್ದೇ.

ಆಶಾ ಅನ್ನುವುದು 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ ಹೆಸರು. ಇಂಗ್ಲಿಷಿನ ನಾಲ್ಕು ಪದಗಳ ಮೊದಲ ಅಕ್ಷರ ಸೇರಿಸಿದ್ದು. ಅದರಲ್ಲಿ 'ಕೆಲಸಗಾರ್ತಿ' ಅನ್ನುವ ಅರ್ಥದ ಪದ ಇಲ್ಲ. ಇರುವುದು 'ಆಕ್ಟಿವಿಸ್ಟ್', ಅಂದರೆ ಊರಿನ ಪರವಾಗಿ ದನಿ ಎತ್ತುವವಳು. ಕೇಳಲು ಎಷ್ಟು ಚೆಂದ ಇದೆ! ಆದರೆ ದನಿ ಎತ್ತುವವಳಿಗೆ ಪಗಾರ ಇರುವುದಿಲ್ಲ, ಪಿಎಫ್ ಇರುವುದಿಲ್ಲ. ಬರುವ ದುಡ್ಡಿಗೆ ಹೆಸರು 'ಗೌರವಧನ', 'ಪ್ರೋತ್ಸಾಹಧನ'. ಗೌರವಧನ ಯಾವಾಗ ಬರುತ್ತದೆ ಅಂತ ಕೇಳುವುದೇ ಗೌರವಕ್ಕೆ ಕಡಿಮೆ ಅನ್ನುವ ಹಾಗೆ ಆ ಪದ ಕೂತಿದೆ. ಪಗಾರ ತಡ ಆದರೆ ಜಗಳ ಮಾಡಬಹುದು.

ನಾನು ಕಂಡ ಒಬ್ಬ ಆಶಾ ಅವರ ಚೀಲದಲ್ಲಿ ಇದ್ದದ್ದು: ತೋಳು ಅಳೆಯುವ ಟೇಪು, ಥರ್ಮಾಮೀಟರ್, ಓಆರ್‌ಎಸ್ ಪಾಕೀಟು, ಚಾರ್ಜ್ ಇಲ್ಲದ ಫೋನು, ಐದು ರಿಜಿಸ್ಟರು, ಒಂದು ರೊಟ್ಟಿ ಗಂಟು. ಹಿಂದಿನ ರಾತ್ರಿ ಎರಡಕ್ಕೆ ಹೆರಿಗೆ ನೋವು ಬಂದವಳ ಜೊತೆ ದವಾಖಾನೆಗೆ ಹೋಗಿ, ಬೆಳಗಿನ ತರಬೇತಿಗೆ ಬಂದಿದ್ದರು. ಇದನ್ನು ಸ್ವಯಂಸೇವೆ ಅಂತ ಕರೆದರೆ ಕೆಲಸ ಅಂತ ಯಾವುದನ್ನು ಕರೆಯೋಣ?

2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 'ನಾಯಕಿ' ಅನ್ನುವ ಪದವೂ ಸಿಕ್ಕಿತು. ಅದೇ ಸಂಸ್ಥೆಯ 2018ರ ಮಾರ್ಗಸೂಚಿ ಇನ್ನೂ ಒಂದು ಮಾತು ಹೇಳುತ್ತದೆ: ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲಸದ ಭಾರಕ್ಕೆ ತಕ್ಕ ಸಂಬಳ ಕೊಡಿ, ಬರೀ ಪ್ರೋತ್ಸಾಹಧನದ ಮೇಲೆ ನಡೆಸಬೇಡಿ. ಪ್ರಶಸ್ತಿಯ ಸುದ್ದಿ ಎಲ್ಲರಿಗೂ ತಲುಪಿತು, ಮಾರ್ಗಸೂಚಿಯ ಸಾಲು ತಲುಪಲಿಲ್ಲ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತು ಕೇಳಿದ್ದು ತಿಂಗಳಿಗೆ 15 ಸಾವಿರ, ಅದೂ ನಿಶ್ಚಿತವಾಗಿ. ಆ ಬೇಡಿಕೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ನಿಶ್ಚಿತ' ಅನ್ನುವ ಪದ.

ಟಿಬಿ ಗುಳಿಗೆ ಬಿಟ್ಟವರನ್ನು 'ಡಿಫಾಲ್ಟರ್' ಅಂತ ಬರೀತಿದ್ವಿ. ಈಗ ಬೇಡ ಅಂತಾರೆ. ಯಾಕೆ?

ಸೊಸೈಟಿ ಸಾಲ ಕಟ್ಟದವನೂ ಡಿಫಾಲ್ಟರ್, ಟಿಬಿ ಗುಳಿಗೆ ಬಿಟ್ಟವನೂ ಡಿಫಾಲ್ಟರ್. ಒಂದೇ ಪದ. ಅಂದರೆ ರೋಗಿ ಸರ್ಕಾರಕ್ಕೆ ಏನೋ ಬಾಕಿ ಉಳಿಸಿಕೊಂಡ ಹಾಗೆ. ಹಾಗೇ ಕೆಮ್ಮಿಗೆ ಬಂದವರನ್ನು ಪೊಲೀಸ್ ಠಾಣೆಯ ಮಾತಿನಲ್ಲಿ 'ಶಂಕಿತ' ಅನ್ನುತ್ತಿದ್ದೆವು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡೂ ಪದಗಳನ್ನು ಕೈಬಿಟ್ಟಿತು. 'ಡಿಫಾಲ್ಟರ್' ಬದಲು 'ಸಂಪರ್ಕ ತಪ್ಪಿದವರು' ಎಂಬ ಅರ್ಥದ ಪದ ಬಂತು. ಈ ಬದಲಾವಣೆಗೆ ರೋಗಿಗಳ ಸಂಘಟನೆಗಳೂ ದನಿ ಕೂಡಿಸಿದ್ದವು.

ನಮ್ಮ ಕಡೆ ಸಂಪರ್ಕ ತಪ್ಪುವುದು ಹೇಗೆ ಅಂತ ನಮಗೆ ಗೊತ್ತು. ಗುಳೆ. ರಾಶಿ ಮುಗಿದ ಮೇಲೆ ಬೀಗ ಹಾಕಿಕೊಂಡು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಗುಳಿಗೆ ಆರು ತಿಂಗಳು ನುಂಗಬೇಕು, ಕೆಲಸ ಇರುವುದು ಬೇರೆ ರಾಜ್ಯದಲ್ಲಿ. 'ಗುಳೆ ಹೋಗಿದ್ದಾರೆ' ಅಂತ ಬರೆದರೆ ಮುಂದಿನ ಹೆಜ್ಜೆ ತಾನೇ ಗೊತ್ತಾಗುತ್ತದೆ: ಹೋದ ಊರಿನ ಕೇಂದ್ರಕ್ಕೆ ಫೋನು ಮಾಡಿ, ಗುಳಿಗೆ ಅಲ್ಲಿ ಸಿಗುವ ಹಾಗೆ ಮಾಡುವುದು. 'ಡಿಫಾಲ್ಟರ್' ಅಂತ ಬರೆದರೆ ಮುಂದಿನ ಹೆಜ್ಜೆ ಬೈಯುವುದು.

ಆನೆಕಾಲು ಗುಳಿಗೆ ಕೊಡೋವಾಗ 'ನಿರಾಕರಣೆ' ಕಾಲಂ ಯಾಕೆ ಅಷ್ಟು ತುಂಬುತ್ತೆ?

ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗ ಇರುವ ಜಿಲ್ಲೆಗಳು. ಕ್ಯುಲೆಕ್ಸ್ ಸೊಳ್ಳೆಯಿಂದ ಹರಡುತ್ತದೆ. ಹುಳುವಿನ ಮರಿಗಳು ರಕ್ತದಲ್ಲಿ ರಾತ್ರಿ ಹೊತ್ತೇ ಓಡಾಡುತ್ತವೆ. ಅದಕ್ಕೇ ರಕ್ತ ತೆಗೆಯುವವರು ರಾತ್ರಿ ಬರುವುದು. ರೋಗ ಹರಡದಂತೆ ಇಡೀ ಊರಿಗೆ ಡಿಇಸಿ ಮತ್ತು ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ. ಎರಡು ವರ್ಷದೊಳಗಿನ ಮಕ್ಕಳು, ಬಸುರಿಯರು, ತುಂಬ ಜಡ್ಡಾದವರನ್ನು ಬಿಟ್ಟು ಎಲ್ಲರೂ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಕೊಟ್ಟವರ ಎದುರೇ ನುಂಗಬೇಕು.

ಒಮ್ಮೆ ಕಲಬುರಗಿ ಜಿಲ್ಲೆಯ ಒಂದು ಊರಿನಲ್ಲಿ ಆಶಾ ಜೊತೆ ಮನೆ ಮನೆ ತಿರುಗಿದೆ. ಬೆಳಗ್ಗೆ ಹನ್ನೊಂದು. ಅರ್ಧ ಮನೆಗೆ ಬೀಗ, ಎಲ್ಲರೂ ಹೊಲದಲ್ಲಿ. ಒಂದು ಮನೆಯಲ್ಲಿ ಒಬ್ಬ ಆಯಿ ಕಟ್ಟೆ ಮೇಲೆ ಕೂತಿದ್ದಳು. ಸೋಮವಾರ. "ಇವತ್ತ ಉಪಾಸ ಅದನವ್ವಾ. ಇಟ್ಟು ಹೋಗು, ಸಂಜಿಕಿ ಉಂಡ ಮ್ಯಾಲ ತಗೋತೀನಿ" ಅಂದಳು. ಅವಳು ಹೇಳಿದ್ದು ಸರಿಯಾದ ವೈದ್ಯಕೀಯ ಮಾತು. ಆದರೆ ಇಟ್ಟು ಹೋಗುವಂತಿಲ್ಲ, ಎದುರು ನುಂಗಿಸಬೇಕು. ಹಾಳೆಯಲ್ಲಿ ಇದ್ದದ್ದು ಮೂರೇ ಆಯ್ಕೆ: ನುಂಗಿದರು, ಗೈರು, ನಿರಾಕರಣೆ. ಆಶಾ ಒಂದು ಗಳಿಗೆ ಪೆನ್ನು ಹಿಡಿದು ನಿಂತರು. ಆಮೇಲೆ 'ನಿರಾಕರಣೆ'ಗೆ ಗೆರೆ ಎಳೆದರು. ಬೇಡ ಅನ್ನದ ಆಯಿ ಬೇಡ ಅಂದವಳಾದಳು. ಆ ಊರಿಗೆ ಮೇಲಿನಿಂದ ಬಂದ ಟಿಪ್ಪಣಿ: 'ಜನರಲ್ಲಿ ಅರಿವಿನ ಕೊರತೆ'.

ಉಲ್ಟಾ ತಪ್ಪೂ ಆಗುತ್ತದೆ. ಮನೆಗೆ ಗುಳಿಗೆ ಕೊಟ್ಟ ಲೆಕ್ಕವನ್ನೇ 'ವ್ಯಾಪ್ತಿ' ಅಂತ ಬರೆದರೆ, ಜಂತಿಯಲ್ಲಿ ಸಿಕ್ಕಿಸಿಟ್ಟ ಗುಳಿಗೆಯೂ ನುಂಗಿದ ಲೆಕ್ಕ. ಕೊಟ್ಟದ್ದು ಬೇರೆ, ಹೊಟ್ಟೆಗೆ ಹೋದದ್ದು ಬೇರೆ.

ಇನ್ನು ಈ ಕಾಯಿಲೆಗಳ ಗುಂಪಿನ ಹೆಸರೇ 'ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳು'. ಕುಷ್ಠ, ಆನೆಕಾಲು, 2017ರಿಂದ ಹಾವು ಕಡಿತ, ಎಲ್ಲ ಅದರಲ್ಲಿ ಇವೆ. ನಿರ್ಲಕ್ಷ್ಯ ಮಾಡಿದವರು ಯಾರು ಅನ್ನುವುದು ಹೆಸರಿನಲ್ಲಿ ಇಲ್ಲ. 'ಉಷ್ಣವಲಯ' ಅಂದಾಗ ತಪ್ಪು ಬಿಸಿಲಿನದು ಅನಿಸುತ್ತದೆ. ಆ ಆಯಿಯ ಮನೆ ಮುಂದೆ ಹರಿಯುತ್ತಿದ್ದ ತೆರೆದ ಗಟಾರಕ್ಕೆ ಯಾವ ಹೆಸರಿನಲ್ಲೂ ಜಾಗ ಇಲ್ಲ.

'ಸಾಮಾಜಿಕ ಅಂತರ' ಅಂದದ್ದರಲ್ಲಿ ತಪ್ಪೇನಿತ್ತು?

ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು. ಆ ವಾರದ ಭಯ ನೆನಪಿದೆ. ಆಗ ಗೋಡೆ ಗೋಡೆಗೆ ಬಂದ ಪದ ಇದು.

ಈ ನಾಡಿನಲ್ಲಿ ಸಾಮಾಜಿಕ ಅಂತರ ಹೊಸದಾ? ಕೇರಿ ಬೇರೆ, ಹೋಟೆಲಿನಲ್ಲಿ ಲೋಟ ಬೇರೆ, ನೀರು ಮೇಲಿಂದ ಹೊಯ್ಯುವುದು, ಎಲ್ಲ ಅದೇ ಅಲ್ವಾ? ಅದನ್ನು ಬಿಡಿ ಅಂತ ಹೋರಾಡಿದವರಿಗೆ ಸರ್ಕಾರಿ ಪೋಸ್ಟರು 'ಸಾಮಾಜಿಕ ಅಂತರ ಕಾಪಾಡಿ' ಅಂದರೆ ಹೇಗೆ ಕೇಳಿಸಿರಬೇಕು? ಬೇಕಾಗಿದ್ದದ್ದು ಮೈಗೆ ಮೈ ತಾಗದಷ್ಟು ದೂರ. ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾರ್ಚ್ 20ರ ಹೊತ್ತಿಗೆ 'ದೈಹಿಕ ಅಂತರ' ಅನ್ನತೊಡಗಿತು, ಜನ ಮನಸ್ಸಿನಿಂದ ದೂರ ಆಗಬಾರದು ಅಂತ. ನಮ್ಮ ಪೋಸ್ಟರುಗಳಲ್ಲಿ ಹಳೆಯ ಪದವೇ ಬಹಳ ದಿನ ಉಳಿಯಿತು. ನಾನೂ ಅದನ್ನು ಎರಡು ಕರಪತ್ರದಲ್ಲಿ ಬರೆದಿದ್ದೇನೆ. 'ಒಂದು ಮಾರು ದೂರ ನಿಲ್ಲಿ' ಅಂತ ಬರೆಯಬಹುದಿತ್ತು.

ಹಸಿವು ಅಂತ ಯಾಕೆ ಬರೆಯಲ್ಲ? ಯಾವಾಗಲೂ 'ಅಪೌಷ್ಟಿಕತೆ', 'ಸೂಕ್ಷ್ಮ ಪೋಷಕಾಂಶ' ಅಂತಾನೇ ಯಾಕೆ?

ಹಸಿವು ಅಂದರೆ ಊಟ ಕೊಡಬೇಕು. ಸೂಕ್ಷ್ಮ ಪೋಷಕಾಂಶದ ಕೊರತೆ ಅಂದರೆ ಪುಡಿ ಬೆರೆಸಿದರೆ ಆಯಿತು. ಪಡಿತರ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸಿದಾಗ ಆ ಕಾಳು ನೀರಲ್ಲಿ ತೇಲಿತು. ಜನ 'ಪ್ಲಾಸ್ಟಿಕ್ ಅಕ್ಕಿ' ಅಂದರು. ಅದು ಪ್ಲಾಸ್ಟಿಕ್ ಅಲ್ಲ. ಆದರೆ ತಮ್ಮ ತಟ್ಟೆಗೆ ಏನು ಬಿತ್ತು ಅಂತ ಯಾರೂ ಮೊದಲು ಹೇಳದಿದ್ದಾಗ ಜನ ತಾವೇ ಒಂದು ಹೆಸರು ಇಟ್ಟುಕೊಂಡರು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂತು. ಬೇಡ ಅನ್ನುವವರಿಗೆ ಬಾಳೆಹಣ್ಣು. ಮೊಟ್ಟೆ ಬೇಡ ಅಂತ ಕೆಲವು ಮಠಾಧೀಶರು ವಿರೋಧಿಸಿದರು, ಬೇಕು ಅಂತ ಮಕ್ಕಳೇ ಹೇಳಿದರು. ಮುಂದಿನ ವರ್ಷ ಇಡೀ ರಾಜ್ಯಕ್ಕೆ ಬಂತು. ಆ ಚರ್ಚೆಯಲ್ಲಿ ನನಗೆ ಹಿಡಿಸಿದ್ದು ಎಲ್ಲರೂ ಬಳಸಿದ ಪದ: ಮೊಟ್ಟೆ. 'ಪ್ರಾಣಿಜನ್ಯ ಪ್ರೋಟೀನ್ ಪೂರೈಕೆ' ಅಂತ ಬರೆದಿದ್ದರೆ ಮಕ್ಕಳಿಗೆ ಬಾಯಿ ಹಾಕಲು ಜಾಗ ಇರುತ್ತಿರಲಿಲ್ಲ.

## ಇನ್ನೂ ಆಳಕ್ಕೆ ಹೋಗುವ ಪ್ರಶ್ನೆಗಳು

ಕುಷ್ಠ 'ನಿರ್ಮೂಲನೆ' ಆಯ್ತು ಅಂತ 2005ರಲ್ಲೇ ಹೇಳಿದ್ರಲ್ಲ, ಮತ್ತೆ ಮನೆ ಮನೆ ಸರ್ವೆ ಯಾಕೆ?

ಇಂಗ್ಲಿಷಿನಲ್ಲಿ ಇಲ್ಲಿ ಎರಡು ಪದ ಇವೆ. ಒಂದು, ಸಿಡುಬಿನ ಹಾಗೆ ಲೋಕದಿಂದಲೇ ಕಿತ್ತು ಹಾಕುವುದು. ಇನ್ನೊಂದು, ಒಂದು ಗೆರೆಗಿಂತ ಕೆಳಗೆ ಇಳಿಸುವುದು. ಕನ್ನಡದಲ್ಲಿ ನಾವು ಎರಡಕ್ಕೂ 'ನಿರ್ಮೂಲನೆ' ಅಂತ ಬರೆದೆವು. ಮೂಲವೇ ಇಲ್ಲ ಅನ್ನುವ ಅರ್ಥ. ಅನುವಾದದಲ್ಲಿ ತಪ್ಪು ಇನ್ನೂ ದೊಡ್ಡದಾಯಿತು.

1991ರಲ್ಲಿ ವಿಶ್ವ ಆರೋಗ್ಯ ಸಭೆ ಎಳೆದ ಗೆರೆ, 10 ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಚಿಕಿತ್ಸೆಯಲ್ಲಿರಬೇಕು. ಇಲ್ಲಿ ಎಣಿಸುವುದು ರಿಜಿಸ್ಟರಿನಲ್ಲಿ ಇರುವವರನ್ನು. ಔಷಧಿ ಮುಗಿಸಿದವರ ಹೆಸರು ಹೊಡೆದು ಹಾಕುತ್ತಾರೆ. ಹೆಚ್ಚು ಮಚ್ಚೆ ಇರುವವರ ಚಿಕಿತ್ಸೆ 24 ತಿಂಗಳಿಂದ 12ಕ್ಕೆ ಇಳಿದಾಗ ಪಟ್ಟಿ ಅಷ್ಟಕ್ಕೇ ಸಣ್ಣದಾಯಿತು. ಹೊಸದಾಗಿ ರೋಗ ಹತ್ತುವುದು ಅಷ್ಟು ಕಡಿಮೆ ಆಗಿರಲಿಲ್ಲ. 2005ರ ಡಿಸೆಂಬರ್‌ನಲ್ಲಿ ಭಾರತ ಆ ಗೆರೆ ದಾಟಿತು. ಹುಡುಕುವುದು ಕಡಿಮೆ ಆಯಿತು. ಇಲ್ಲದ ರೋಗವನ್ನು ಯಾರು ಹುಡುಕುತ್ತಾರೆ? 2016ರಲ್ಲಿ ಮತ್ತೆ ಮನೆ ಮನೆ ಹುಡುಕಲು ಹೊರಟಾಗ ಮರೆಯಲ್ಲಿದ್ದ ಕೇಸುಗಳು ಹೊರಬಂದವು. 2023ರಲ್ಲೂ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಸಿಕ್ಕಿದ್ದಾರೆ, ಜಗತ್ತಿನ ಅರ್ಧಕ್ಕಿಂತ ಹೆಚ್ಚು.

ಮೈ ಮೇಲೆ ಸ್ಪರ್ಶ ಇಲ್ಲದ ತಿಳಿ ಮಚ್ಚೆ ಇದ್ದರೆ ತೋರಿಸಿಕೊಳ್ಳಿ. ಔಷಧಿ ಉಚಿತ, ಪೂರ್ತಿ ಗುಣ ಆಗುತ್ತದೆ.

'ಎಲ್ಲರಿಗೂ ಆರೋಗ್ಯ' ಹೋಗಿ 'ಸಾರ್ವತ್ರಿಕ ಆರೋಗ್ಯ ವ್ಯಾಪ್ತಿ' ಬಂದದ್ದು ಹೇಗೆ? ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. 1978ರ ಸೆಪ್ಟೆಂಬರ್‌ನಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಆಲ್ಮಾ ಆಟಾದಲ್ಲಿ 134 ದೇಶ ಸೇರಿ 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಅಂದವು. ಅದರಲ್ಲಿ ಊಟ, ನೀರು, ನೈರ್ಮಲ್ಯ, ಜನರ ಪಾಲುಗಾರಿಕೆ ಎಲ್ಲ ಇತ್ತು. ಮರುವರ್ಷವೇ ಇದು ದುಬಾರಿ, ಕೆಲವನ್ನು ಆರಿಸಿಕೊಳ್ಳೋಣ ಅನ್ನುವ ವಾದ ಬಂತು. ಯುನಿಸೆಫ್ ನಾಲ್ಕನ್ನು ಹಿಡಿಯಿತು: ಮಗುವಿನ ತೂಕ ನೋಡುವುದು, ಓಆರ್‌ಎಸ್, ಎದೆಹಾಲು, ಲಸಿಕೆ. ಇವುಗಳಿಂದ ಲಕ್ಷಾಂತರ ಮಕ್ಕಳು ಉಳಿದರು, ಅದನ್ನು ಮರೆಯಬಾರದು. ಆದರೆ ನೀರು ಪಟ್ಟಿಯಿಂದ ಜಾರಿತು. ಭೇದಿಗೆ ಓಆರ್‌ಎಸ್ ಬಂತು, ಭೇದಿ ತರುವ ನೀರು ಹಾಗೇ ಉಳಿಯಿತು.

1993ರಲ್ಲಿ ವಿಶ್ವ ಬ್ಯಾಂಕಿನ ವರದಿ ಆರೋಗ್ಯವನ್ನು 'ಹೂಡಿಕೆ' ಅಂದಿತು. ಆಮೇಲೆ ಬಂದದ್ದು 'ವ್ಯಾಪ್ತಿ', ಇಂಗ್ಲಿಷಿನಲ್ಲಿ ಅದು ವಿಮೆಯವರ ಪದ. ನಮ್ಮ ಆಯುಷ್ಮಾನ್ ಕಾರ್ಡು 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಹೃದಯದ ಆಪರೇಷನ್ ಆದ ಮನೆಗೆ ಅದು ದೊಡ್ಡ ಆಸರೆ. ಆದರೆ ಬಿಪಿ ಗುಳಿಗೆ ಪ್ರತಿ ತಿಂಗಳು ಬೇಕು, ಅದಕ್ಕೆ ಅಡ್ಮಿಟ್ ಆಗುವುದಿಲ್ಲ. ಉಪಕೇಂದ್ರದಲ್ಲಿ ಸ್ಟಾಕ್ ಇಲ್ಲದ ತಿಂಗಳು ಕಾರ್ಡು ಜೇಬಲ್ಲೇ ಇರುತ್ತದೆ, ಗುಳಿಗೆ ಇರುವುದಿಲ್ಲ.

ಡಾಲಿ ಅಂದ್ರೆ ಏನು? ಅದರಲ್ಲಿ ಅಧಿಕಾರ ಎಲ್ಲಿ ಬಂತು?

ಒಂದು ಕಾಯಿಲೆಯ ಹೊರೆ ಎಷ್ಟು ಅಂತ ಅಳೆಯುವ ಲೆಕ್ಕ, ಇಂಗ್ಲಿಷಿನಲ್ಲಿ DALY. ಬೇಗ ಸತ್ತದ್ದರಿಂದ ಕಳೆದ ವರ್ಷಗಳು, ಅದಕ್ಕೆ ಕಾಯಿಲೆಯಿಂದ ನರಳಿದ ವರ್ಷಗಳ ಲೆಕ್ಕ. ಎರಡೂ ಕೂಡಿಸಿದರೆ ಡಾಲಿ. ಯಾವ ರೋಗಕ್ಕೆ ಎಷ್ಟು ದುಡ್ಡು ಅನ್ನುವುದಕ್ಕೆ ಇದನ್ನು ಬಳಸುತ್ತಾರೆ. ಸುಮಾರು 1990ರ ದಶಕದ ಮೂಲ ಸೂತ್ರದಲ್ಲಿ 25ರ ಆಸುಪಾಸಿನ ಒಂದು ವರ್ಷಕ್ಕೆ ಹೆಚ್ಚು ಬೆಲೆ, ಕೂಸಿನ ಮತ್ತು ಮುತ್ಯಾನ ಒಂದು ವರ್ಷಕ್ಕೆ ಕಡಿಮೆ ಬೆಲೆ. ಅಲ್ಲದೆ ಮುಂದಿನ ವರ್ಷಗಳಿಗೆ ಬ್ಯಾಂಕಿನ ಲೆಕ್ಕದ ಹಾಗೆ ಶೇ 3ರಷ್ಟು ಕಡಿತ. ಟೀಕೆ ಬಂದ ಮೇಲೆ 2010ರ ಸುತ್ತಿನ ಲೆಕ್ಕದಲ್ಲಿ ಎರಡನ್ನೂ ಕೈಬಿಟ್ಟರು. ಅಂದರೆ ಸುಮಾರು ಎರಡು ದಶಕ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಆಯಿಯ ಒಂದು ವರ್ಷ ಒಂದು ಪೂರ್ತಿ ವರ್ಷ ಆಗಿರಲಿಲ್ಲ. ಅದು ಗಣಿತದ ಸತ್ಯ ಆಗಿರಲಿಲ್ಲ, ಯಾರೋ ಮಾಡಿದ ಆಯ್ಕೆ. ಸಂಖ್ಯೆ ರೂಪದಲ್ಲಿ ಇದ್ದದ್ದರಿಂದ ಆಯ್ಕೆ ಅಂತ ಕಾಣಲಿಲ್ಲ.

ಯಾದಗಿರಿ 'ಹಿಂದುಳಿದ' ಜಿಲ್ಲೆನಾ, 'ಮಹತ್ವಾಕಾಂಕ್ಷಿ' ಜಿಲ್ಲೆನಾ?

ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಅಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. 2018ರಲ್ಲಿ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಯಾದಗಿರಿ, ರಾಯಚೂರು 'ಮಹತ್ವಾಕಾಂಕ್ಷಿ ಜಿಲ್ಲೆ' ಆದವು. ಇಂಥ ಪದ ಬದಲಾವಣೆ ಹೊರಗಡೆಯೂ ಆಗಿದೆ. 'ಮೂರನೇ ಜಗತ್ತು' ಹೋಗಿ 'ಅಭಿವೃದ್ಧಿಶೀಲ' ಆಯಿತು, ಆಮೇಲೆ 'ಕಡಿಮೆ ಮತ್ತು ಮಧ್ಯಮ ಆದಾಯ' ಆಯಿತು.

ಹೊಸ ಹೆಸರು ಕೇಳಲು ಹಿತ. ನಮ್ಮ ಹುಡುಗರು ಹಿಂದುಳಿದವರು ಅನ್ನಿಸಿಕೊಂಡು ಸಾಕಾಗಿದ್ದಾರೆ, ಅದು ನನಗೆ ಅರ್ಥ ಆಗುತ್ತದೆ. ಆದರೂ ನಾನು ಹಳೆಯ ಪದದ ಕಡೆ. 'ಹಿಂದುಳಿದ' ಅಂದರೆ 'ಯಾರು ಹಿಂದೆ ಬಿಟ್ಟರು?' ಅಂತ ಕೇಳಬಹುದು. ಆ ಪ್ರಶ್ನೆ ಹಿಡಿದು ಜಗ್ಗಿದ್ದರಿಂದಲೇ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಸೀಟು ಬಂತು, ಹುದ್ದೆ ಬಂತು. 'ಮಹತ್ವಾಕಾಂಕ್ಷಿ' ಅಂದರೆ ಆಸೆ ನಮ್ಮದು, ಓಟ ನಮ್ಮದು, ತಿಂಗಳು ತಿಂಗಳು ರ‍್ಯಾಂಕೂ ನಮ್ಮದು. ಸಾಲ ಯಾರದೂ ಅಲ್ಲ.

ಪದ ತೀರ್ಮಾನ ಮಾಡೋರು ಕೊನೆಗೆ ದುಡ್ಡು ಕೊಡೋರೇ ಅಲ್ವಾ?

ಬಹಳ ಮಟ್ಟಿಗೆ. ವಿಶ್ವ ಆರೋಗ್ಯ ಸಂಸ್ಥೆಗೆ ಸದಸ್ಯ ದೇಶಗಳ ಕಡ್ಡಾಯ ವಂತಿಗೆಯಿಂದ ಬರುತ್ತಿದ್ದದ್ದು ಬಜೆಟ್ಟಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಶ್ರೀಮಂತ ದೇಶಗಳು, ದೊಡ್ಡ ಪ್ರತಿಷ್ಠಾನಗಳು ಸ್ವಇಚ್ಛೆಯಿಂದ ಕೊಡುವುದು, ಹೆಚ್ಚಿನದಕ್ಕೆ 'ಇದಕ್ಕೇ ಬಳಸಿ' ಅನ್ನುವ ಚೀಟಿ ಅಂಟಿರುತ್ತದೆ. ಚೀಟಿಯ ಮೇಲಿನ ಪದವೇ ಮುಂದೆ ಕಾರ್ಯಕ್ರಮದ ಹೆಸರು. 2022ರಲ್ಲಿ ಸದಸ್ಯ ದೇಶಗಳು ಕಡ್ಡಾಯ ವಂತಿಗೆಯನ್ನು 2030ರ ಹೊತ್ತಿಗೆ ಮೂಲ ಬಜೆಟ್ಟಿನ ಅರ್ಧಕ್ಕೆ ಏರಿಸಲು ಒಪ್ಪಿವೆ.

ಹಾಗಾದ್ರೆ ಎಲ್ಲ ಕನ್ನಡದಲ್ಲಿ ಬರೆದರೆ ಸರಿ ಹೋಗುತ್ತಾ?

ಇಲ್ಲ. ತಾಂಡಾದಲ್ಲಿ ಮನೆಮಾತು ಲಂಬಾಣಿ. ಬೀದರಿನ ಗಡಿಯಲ್ಲಿ ಮರಾಠಿ, ತೆಲುಗು. ಪೇಟೆಯಲ್ಲಿ ದಖನಿ ಉರ್ದು. ಅವರಿಗೆಲ್ಲ ನನ್ನ ಕನ್ನಡವೇ ಜಿನೀವಾದ ಭಾಷೆ. ಕಲಬುರಗಿಯ ಕನ್ನಡ ಮಾತಾಡುವವರಿಗೂ ಬೆಂಗಳೂರಿನ ಪೋಸ್ಟರ್ ಕನ್ನಡ ದೂರವೇ. ಇಲ್ಲಿ 'ಚುಚ್ಚುಮದ್ದು' ಅಂತ ಯಾರು ಅಂತಾರೆ? ಸೂಜಿ. ಅದಕ್ಕೇ ನಾನು ಪೋಸ್ಟರಿನ ಕರಡನ್ನು ಅಚ್ಚಿಗೆ ಕಳಿಸುವ ಮುಂಚೆ ನಾಲ್ಕು ಜನರ ಮುಂದೆ ಓದುತ್ತೇನೆ, "ಇದು ಏನು ಹೇಳ್ಯದ, ನಿಮ್ಮ ಮಾತಿನಾಗ ಹೇಳ್ರಿ" ಅನ್ನುತ್ತೇನೆ. ಅವರು ಹೇಳಿದ ಸಾಲು ಯಾವಾಗಲೂ ನನ್ನದಕ್ಕಿಂತ ಚಿಕ್ಕದಾಗಿರುತ್ತದೆ.

ನಾನೂ ಅನುವಾದ ಮಾಡ್ತೀನಿ. 'ಫಲಾನುಭವಿ' ಬದಲು ಏನು ಬರೀಲಿ?

ಈ ಪದದ ಜೊತೆ ನನ್ನ ಜಗಳ ಹಳೆಯದು. ಫಲಾನುಭವಿ ಅಂದರೆ ಹಣ್ಣು ತಿನ್ನುವವನು. ಗಿಡ ನೆಟ್ಟವರು, ನೀರು ಹಾಕಿದವರು ಬೇರೆ ಯಾರೋ, ಇವರು ಸುಮ್ನೆ ಕೂತು ತಿಂದರು ಅನ್ನುವ ಹಾಗೆ. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವ ಜನ ಅವರು.

ಸಂದರ್ಭ ನೋಡಿ ಬರೆಯಿರಿ. ಲಸಿಕೆಗೆ ಬಂದರೆ 'ಮಕ್ಕಳು'. ಹೆರಿಗೆಗೆ ಬಂದರೆ 'ಬಾಣಂತಿಯರು'. ಯೋಜನೆಯ ದುಡ್ಡು ಬರಬೇಕಾದವರಾದರೆ 'ಹಕ್ಕುದಾರರು'. ಎಲ್ಲರನ್ನೂ ಸೇರಿಸಿ ಹೇಳಬೇಕಾದರೆ 'ಜನ' ಸಾಕು. ಕ್ರಿಯಾಪದಕ್ಕೆ ಕರ್ತೃ ಇದೆಯಾ ಅಂತಲೂ ನೋಡಿ. 'ಸೇವೆ ಒದಗಿಸಲಾಗುವುದು' ಅಂತ ಬಂದಾಗ ಯಾರು ಒದಗಿಸುತ್ತಾರೆ ಅಂತ ಕೇಳಿ, ಹುದ್ದೆಯ ಹೆಸರು ಬರೆಯಿರಿ: 'ಪ್ರತಿ ಗುರುವಾರ ನರ್ಸ್ ಬರುತ್ತಾರೆ'. ಆಗ ಗುರುವಾರ ಯಾರೂ ಬರದಿದ್ದರೆ ಜನ ಕೇಳಬಹುದು.

ಹೋದ ವರ್ಷದ ಒಂದು ಕೈಪಿಡಿಯಲ್ಲಿ 'ಹಕ್ಕುದಾರರು' ಹಾಗೇ ಉಳಿಯಿತು. ಇನ್ನೊಂದರಲ್ಲಿ ಅಚ್ಚಾಗುವ ಮುಂಚೆ ಯಾರೋ ಮತ್ತೆ 'ಫಲಾನುಭವಿಗಳು' ಮಾಡಿದ್ದರು. ಗುರುವಾರದ ಸಾಲು ಮಾತ್ರ ಎರಡರಲ್ಲೂ ಇದೆ.